ಗುಡ್ಡ ಒರಗಿದ ಕಡೆಗೆ ಬಾವಿ

ನಿಮ್ಮ ಊರಿನ ಗುಡ್ಡ ಯಾವ ಕಡೆಗೆ ಒರಗಿದೆ? ಅದನ್ನು ಹತ್ತಿದ್ದೀರಿ, ದನ ಮೇಯಿಸಿದ್ದೀರಿ, ಕಲ್ಲು ಒಡೆದು ತಂದಿದ್ದೀರಿ. ಇದನ್ನು ನೋಡಿದ್ದೀರಾ?

ಹೋದ ತಿಂಗಳು ಅಜ್ಜಂಪುರದ ಬಳಿ, ನನ್ನ ಅಕ್ಕ ನಂಜಮ್ಮನನ್ನು ಕೊಟ್ಟ ಹಳ್ಳಿಗೆ ಹೋಗಿದ್ದೆ. ಅಲ್ಲಿ ಎರಡನೆಯ ಬಾವಿಗೆ ಮುಹೂರ್ತ ನಿಶ್ಚಯವಾಗಿತ್ತು. ಮೊದಲನೆಯದು ಬಂಡೆ ತೋರಿಸಿತು, ನೀರು ತೋರಿಸಲಿಲ್ಲ. ಈಗ ಅದರ ಪಕ್ಕದಲ್ಲಿಯೇ ಇನ್ನೊಂದು. ಏಕೆ? ಬಾವಿ ಊರಿನ ಈಶಾನ್ಯಕ್ಕೇ ಇರಬೇಕೆಂಬುದು ಪದ್ಧತಿ. ಇದೂ ಬರಿದಾದರೆ ಮತ್ತೆ ಗುದ್ದಲಿ ಎತ್ತುವವರಿಲ್ಲ. ಬೇಸಗೆಯುದ್ದಕ್ಕೂ ಅಕ್ಕನೂ ಅವಳ ಓರಗಿತ್ತಿಯರೂ ದೂರದ ಕೆರೆಯ ಕೆಸರುನೀರನ್ನೇ ಹೊರಬೇಕು.

ನಾನು ಗುಡ್ಡ ಹತ್ತಿದೆ. ಅದು ಪದರ ಪದರವಾದ ಕಲ್ಲಿನದು. ಪದರಗಳೆಲ್ಲ ನೈಋತ್ಯಕ್ಕೆ ವಾಲಿವೆ. ಮೆತ್ತನೆಯ ಕಲ್ಲನ್ನು ಮಳೆಗಾಳಿ ತಿಂದು, ಗಟ್ಟಿಯದು ಉಳಿದು, ಈಶಾನ್ಯದ ಮುಖ ಗೋಡೆಯಂತೆ ಕಡಿದಾಗಿದೆ. ನೈಋತ್ಯದ್ದು ನಿಧಾನವಾದ ಇಳಿಜಾರು. ಗುಡ್ಡದ ಸಾಲು ಮುಗಿಯುವ ಕೊನೆಯಲ್ಲಿ, ಅದರ ಬುಡದಲ್ಲಿ ಊರು ಇರುವುದರಿಂದ ಎರಡು ಮಗ್ಗುಲೂ ಊರಿನವೇ. ಹಾಗಾದರೆ ಪದರಗಳ ಸಂದಿಗೆ ಇಳಿದ ಮಳೆನೀರು ಯಾವ ಮಗ್ಗುಲಿಗೆ ಹೋದೀತು?

ಸಂಜೆ ಅಕ್ಕನ ಮಾವನವರಾದ ಗೌಡರ ಜಗಲಿಯಲ್ಲಿ ಇದನ್ನೇ ವಾದಿಸಿದೆ. (ಕಾಲೇಜಿನ ಡಿಬೇಟಿಂಗ್ ಸೊಸೈಟಿಯಲ್ಲಿ ಇದಕ್ಕಿಂತ ಸುಲಭದ ಎದುರಾಳಿಗಳಿದ್ದರು.) ಗೌಡರು ವೀಳ್ಯದೆಲೆಗೆ ಸುಣ್ಣ ಸವರುತ್ತ ಕೇಳಿದರು:

"ಕಾಲೇಜಲ್ಲಿ ಕಲ್ಲಿಗೂ ಪಾಠ ಹೇಳ್ತಾರೇನಪ್ಪಾ?"

ಜಗಲಿಯೆಲ್ಲ ನಕ್ಕಿತು. ನಾನು ಮಾತು ನಿಲ್ಲಿಸಿ, ಹಚ್ಚಿಟ್ಟಿದ್ದ ಮುತ್ತುಗದ ಊಟದೆಲೆಗಳ ಕಟ್ಟೊಂದನ್ನು ಓರೆಯಾಗಿ ಇಟ್ಟು, ಮೇಲಿನ ಅಂಚಿಗೆ ಚೊಂಬಿನಿಂದ ನೀರು ಹೊಯ್ದೆ. ನೀರು ಎಲೆಗಳ ಸಂದಿನಲ್ಲಿ ಜಾರಿ ಕೆಳಗಿನ ಅಂಚಿನಿಂದ ತೊಟ್ಟಿಕ್ಕಿತು. ಎತ್ತರದ ಅಂಚಿನ ಬುಡದ ನೆಲ ಒಣಗಿಯೇ ಇತ್ತು. ಗೌಡರು ಬೆರಳಿಟ್ಟು ನೋಡಿದರು. ಆದರೂ ಹಿರಿಯರು ಹೇಳಿದ ದಿಕ್ಕನ್ನು ಬಿಡುವುದು ಹೇಗೆ ಎಂದರು.

ಬಾಗಿಲ ಮರೆಯಿಂದ ಅಕ್ಕ ಹೇಳಿದಳು: "ಪೂಜೆ ಈಶಾನ್ಯದಲ್ಲೇ ಆಗ್ಲಿ ಮಾವ. ಗುದ್ದಲಿ ಕಲ್ಲು ಒರಗಿದ ಮಗ್ಗುಲಲ್ಲಿ ಬೀಳ್ಲಿ. ನೀರು ಹೊರೋರು ನಾವಲ್ವಾ?"

ಗೌಡರು ವೀಳ್ಯವನ್ನು ಬಾಯಿಗಿಟ್ಟು, "ಕಾಲೇಜಿಗೆ ಹೋದೋನು ನಿನ್ ತಮ್ಮ, ವಾದ ಗೆಲ್ಲೋಳು ನೀನು ಕಣವ್ವ" ಎಂದರು.

ಪೂಜೆ ಅಲ್ಲಿ, ತೋಡುವುದು ಇಲ್ಲಿ ಎಂದಾಯಿತು. ನಿನ್ನೆ ಆ ಊರಿಂದ ಬಂದವರು ಸುದ್ದಿ ತಂದರು: ಗುಂಡಿಯ ಗುಡ್ಡದ ಕಡೆಯ ಗೋಡೆ ಜಿನುಗುತ್ತಿದೆ, ತಳದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿದೆ. ತೋಡುವುದು ಇನ್ನೂ ಬಾಕಿ. ಆದರೆ ತೋಡುವವರ ಮುಖ ಬೇರೆಯಾಗಿದೆಯಂತೆ.

ಕಡೂರು, ತರೀಕೆರೆಯ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ಬಾವಿಗೆ ಜಾಗ ಗೊತ್ತುಮಾಡುವ ಮುನ್ನ ಒಮ್ಮೆ ಗುಡ್ಡ ಹತ್ತಿ ಕಲ್ಲು ಒರಗಿದ ದಿಕ್ಕನ್ನು ನೋಡಿ, ನೀರು ಹೊರುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ.