ಅಜ್ಜಿ ಎಣಿಸದ ಎಮ್ಮೆಗಳು

ಸ್ಪ್ಯಾನಿಷ್ ಕಲಿಯುವ ಹುಚ್ಚು ನನಗೆ ಹಿಡಿದದ್ದು ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ರಟ್ಟಿನ ಡಬ್ಬಗಳಿಗೆ ವಿಳಾಸದ ಚೀಟಿ ಅಂಟಿಸುತ್ತಿದ್ದಾಗ. ನಾವು ಬಿತ್ತನೆ ಯಂತ್ರದ ಬಿಡಿಭಾಗ ಮಾಡುತ್ತೇವೆ. ದಕ್ಷಿಣ ಅಮೆರಿಕದಿಂದ ಹೊಸ ಗಿರಾಕಿಯೊಬ್ಬರು ಸಿಕ್ಕಿದ್ದರು, ಹೆಂಗಸು. ಆಕೆಯ ಇಂಗ್ಲಿಷ್ ಅಷ್ಟಕ್ಕಷ್ಟೆ, ನಮ್ಮ ಮಾಲೀಕರದೂ ಅಷ್ಟಕ್ಕಷ್ಟೆ. ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತ ಕೂರುತ್ತಿದ್ದರೇ ಹೊರತು ಮಾತು ಮುಂದೆ ಹೋಗುತ್ತಿರಲಿಲ್ಲ. ಆಕೆಯ ಸ್ಪ್ಯಾನಿಷನ್ನು ಫೋನಿನಲ್ಲಿ ನಾನು ಕಲಿತುಬಿಡುತ್ತೇನೆ ಎಂದು ನಾನೇ ಬಾಯಿ ಹಾಕಿದೆ. ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆಯಮ್ಮನ ಜೊತೆ ನಾಕು ಮಾತು ನೆಟ್ಟಗೆ ಆಡಿ ತೋರ್ಸವ್ವ. ಎಕ್ಸ್‌ಪೋರ್ಟ್ ಟೇಬಲ್ ನಿಂದೇ."

ಅಂಟಿನ ವಾಸನೆಯಿಂದ ಎದ್ದು, ಫ್ಯಾನಿನ ಕೆಳಗಿನ ಆ ಟೇಬಲ್ಲಿಗೆ ಹೋಗಿ ಕೂರುವುದು ನನಗೆ ಬೇಕೇ ಬೇಕಿತ್ತು. ಇನ್ನು ಕೇಳಬೇಕೆ, ಅಂದೇ ಶುರುಮಾಡಿದೆ.

ಮೊದಲ ಪಾಠ ಕುಟುಂಬ, ಅದರ ಬೆನ್ನಿಗೇ ಸಾಕುಪ್ರಾಣಿ. ವಿನೋಬನಗರದ ಮನೆಯಿಂದ ಕೆಲಸಕ್ಕೆ ಹೋಗುವ ಶೇರ್ ಆಟೊದಲ್ಲಿ ಮಾದ್ರೆ, ಪಾದ್ರೆ, ಎರ್ಮಾನೊ ಎಂದು ಗುನುಗುತ್ತಿದ್ದೆ. ಅಮ್ಮ, ಅಪ್ಪ, ಅಣ್ಣ. ಪಕ್ಕದವರು ಯಾವುದೋ ಮಂತ್ರ ಅಂದುಕೊಂಡರೋ ಏನೋ, ಸ್ವಲ್ಪ ಸರಿದು ಕೂರುತ್ತಿದ್ದರು. ಒಂದಕ್ಕೆ ಮಾತ್ರ ನನಗೆ ಸಿಟ್ಟು ಬಂತು. ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಮೂವರನ್ನೂ ಒಂದೇ ಚೀಲಕ್ಕೆ ತುಂಬಿ 'ತಿಯಾ' ಎಂದುಬಿಡುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಮಾಡಿದರೆ ಮೂವರೂ ಮಾತು ಬಿಡುತ್ತಾರೆ. ಆದರೂ ಆ ಹೊಸ ಪದಗಳು ನನ್ನ ಬಾಯಲ್ಲಿ ತಿರುಗತೊಡಗಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಗೇಟಿನ ನಾಯಿಗೆ 'ಪೆರ್ರೊ' ಅನ್ನದೆ ನಾನು ಒಳಗೆ ಹೋಗುತ್ತಿರಲಿಲ್ಲ.

ಭಾನುವಾರ ಹರಿಹರಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಅಮ್ಮನ ತವರೂರು ಸಾರಥಿಗೆ ಹೋಗುತ್ತಿದ್ದೆ. ಅಜ್ಜಿ ಎಮ್ಮೆ ಹಿಂಡುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಾಠ ಒಪ್ಪಿಸುವುದು ನನ್ನ ರೂಢಿಯಾಯಿತು. ನೀನು 'ಅಬುವೆಲಾ', ಎಮ್ಮೆ 'ಮಾಸ್ಕೊತಾ', ಅಂದರೆ ಮನೆಯಲ್ಲಿ ಸಾಕಿದ್ದು ಎಂದೆ. ಅಬುವೆಲಾ ಅನ್ನಿಸಿಕೊಳ್ಳಲು ಅಜ್ಜಿಗೆ ತಕರಾರಿರಲಿಲ್ಲ. ಎಮ್ಮೆಯ ವಿಷಯ ಒಪ್ಪಲಿಲ್ಲ.

"ನಾವೆಲ್ಲಿ ಅದನ್ನ ಸಾಕೀವಿ? ಅದು ನಮ್ಮನ್ನ ಸಾಕೈತೆ."

ನಿಜವಾದ ತಕರಾರು ಬಂದದ್ದು 'ಕ್ವಾಂತೊಸ್' ಎಂಬ ಪದಕ್ಕೆ. ಎಷ್ಟು ಎಂದು ಅರ್ಥ. ಮನೆಯಲ್ಲಿ ಎಷ್ಟು ಜನ, ಎಷ್ಟು ಬೆಕ್ಕು, ಎಷ್ಟು ನಾಯಿ, ಪಾಠವೆಲ್ಲ ಅದೇ. ನಾನು ಎಮ್ಮೆಗಳತ್ತ ಬೆರಳು ಮಾಡಿ ಉನೊ, ದೋಸ್ ಎಂದು ಶುರುಮಾಡಿದ್ದೇ ತಡ, ಅಜ್ಜಿ ಹಾಲಿನ ಕೈಯಲ್ಲೇ ನನ್ನ ಬೆರಳು ಹಿಡಿದು ಮಡಚಿದಳು. ಮನೆಯ ಮಕ್ಕಳನ್ನೂ ಕೊಟ್ಟಿಗೆಯ ದನವನ್ನೂ ಬಾಯಿಬಿಟ್ಟು ಎಣಿಸಬಾರದು, ದೃಷ್ಟಿಯಾಗುತ್ತದೆ. ಎಮ್ಮೆ ಎಷ್ಟು ಎಂದು ಯಾರಾದರೂ ಕೇಳಿದರೆ ಅವಳದು ಒಂದೇ ಉತ್ತರ: "ಅದಾವೆ ಬಿಡ್ರಿ." ಇದು ಸ್ಪ್ಯಾನಿಷ್ ಲೆಕ್ಕ, ದೃಷ್ಟಿ ತಾಗುವುದಿಲ್ಲ ಎಂದು ವಾದಿಸಿದೆ. ದೃಷ್ಟಿಗೆ ಯಾವ ಭಾಷೆಯಾದರೇನು ಎಂದಳು. ಆ ಒಂದು ಪದ ಅವಳ ತಲೆಯಲ್ಲಿ ಉಳಿದುಹೋಯಿತು. ಫೋನು 'ಕ್ವಾಂತೊಸ್' ಎಂದರೆ ಸಾಕು, ಫೋನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಕೊನೆಗೂ ಗಿರಾಕಿಯ ಜೊತೆ ನನ್ನ ಕಾಲ್ ನಿಗದಿಯಾದ ದಿನ ನಮಗೆ ಹಬ್ಬದ ರಜೆ, ಆಕೆಗೆ ಕೆಲಸದ ದಿನ. ನಾನು ಸಾರಥಿಯಲ್ಲೇ ಇದ್ದೆ. ಅಂದು ಬೆಳಿಗ್ಗೆಯಷ್ಟೇ ಎಮ್ಮೆ ಕರು ಹಾಕಿತ್ತು. ಹೊರಗಿನವರ ಕಣ್ಣಿಗೆ ಬೀಳದಂತೆ ಅಜ್ಜಿ ಅದರ ಮುಂದೆ ಗೋಣಿತಾಟು ಕಟ್ಟಿದ್ದಳು. ಸಂಜೆಯಾದರೂ ಪಕ್ಕದ ಮನೆಯವರಿಗೂ ದರ್ಶನವಿರಲಿಲ್ಲ. ಸಿಗ್ನಲ್ ಸಿಗುವುದು ಕೊಟ್ಟಿಗೆಯ ಬಾಗಿಲಲ್ಲಿ ಮಾತ್ರ. ತಲೆ ಬಾಚಿ, ಒಳ್ಳೆಯ ಚೂಡಿದಾರ ತೊಟ್ಟು ಅಲ್ಲೇ ನಿಂತೆ. 

ಆಕೆ ಪರದೆಯ ಮೇಲೆ ಬಂದರು, ನೆರೆತ ಕೂದಲು, ಕೈಯಲ್ಲಿ ಕಾಫಿ. ನಾನು ನಮಸ್ಕಾರ ಹೇಳಿದೆ, ಹೆಸರು ಹೇಳಿದೆ. ಆಕೆಗೆ ಅರ್ಥವಾಯಿತು! ನಾನು ಕುಣಿಯುವುದೊಂದು ಬಾಕಿ. ಆಮೇಲೆ ಆಕೆ ಮನೆಯ ಬಗ್ಗೆ ಕೇಳಿದರು, ನನಗಾಗಿಯೇ ನಿಧಾನವಾಗಿ. ಅದರಲ್ಲಿ 'ಕ್ವಾಂತೊಸ್' ಇತ್ತು. ಹಿಂದೆ ನಿಂತಿದ್ದ ಅಜ್ಜಿ ಕೆಮ್ಮಿದಳು.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದಕ್ಕಾಗಿ ವಾರಗಟ್ಟಲೆ ಬಾಯಿಪಾಠ ಮಾಡಿದ್ದೆ. ಆದರೆ ಕರು ಹುಟ್ಟಿದ ದಿನ, ಅಜ್ಜಿಯ ಎದುರಿಗೇ, ಸಂಖ್ಯೆ ಹೇಳಲು ಬಾಯಿ ಬರಲಿಲ್ಲ. ಟೇಬಲ್ ಹೋದರೆ ಹೋಗಲಿ ಎಂದು ಎಣಿಸುವ ಬದಲು ಒಬ್ಬೊಬ್ಬರನ್ನೇ ಹೇಳುತ್ತ ಹೋದೆ. ಅಜ್ಜಿ ಇದ್ದಾಳೆ, ಅಮ್ಮ ಇದ್ದಾಳೆ, ಅಪ್ಪ ಇದ್ದಾನೆ, ಅಣ್ಣ ಇದ್ದಾನೆ, ಎಮ್ಮೆ ಇದೆ, ಎಮ್ಮೆಯ ಮಗು ಇದೆ. ಆಕೆ ನಗುತ್ತ ಒಂದೊಂದನ್ನೂ ತಿರುಗಿ ಹೇಳಿದರು. ನಿಮ್ಮ ಮನೆಯಲ್ಲಿ ಎಂದು ನಾನೂ ಕೇಳಿದೆ.

ಒಂದು ಬೆಕ್ಕು ಎಂದರು ಆಕೆ. ಬೇರೆ ಯಾರೂ ಇಲ್ಲ.

ನಗು ನಿಂತಿತು. ಇಂಥ ಹೊತ್ತಿನಲ್ಲಿ ಹೇಳುವ ಮಾತು ನನ್ನ ಪಾಠದಲ್ಲಿ ಬಂದಿರಲಿಲ್ಲ. ಏನಂತೆ ಎಂದು ಅಜ್ಜಿ ಕೇಳಿದಳು, ಹೇಳಿದೆ.  ಅವಳು ಹೋಗಿ ಗೋಣಿತಾಟು ಸರಿಸಿ, ನನ್ನ ಕೈಯನ್ನು ಫೋನಿನ ಸಮೇತ ಕರುವಿನ ಕಡೆ ತಿರುಗಿಸಿದಳು.

"ಇದನ್ನ ತನ್ನ ಲೆಕ್ಕಕ್ಕೆ ಹಚ್ಕಳಾಕೆ ಆಕಿಗೆ ಹೇಳು."

ನನಗೆ ಗೊತ್ತಿದ್ದ ಪದಗಳಲ್ಲಿ ಅದಕ್ಕೆ ಹತ್ತಿರದ್ದು ಒಂದೇ. ಇದು ನಿಮ್ಮ ಕುಟುಂಬ ಎಂದೆ. ಕರು ಕಾಲು ನಡುಗಿಸುತ್ತ ಎದ್ದು ನಿಂತು ಫೋನಿಗೆ ಮೂತಿ ಹಚ್ಚಿತು. ಆಕೆ ಕಾಫಿ ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡರು. ನಾನೂ ಅತ್ತೆ, ಸುಳ್ಳೇಕೆ.

ಮರುದಿನ ಮಾಲೀಕರು ಆರ್ಡರಿನ ಬಗ್ಗೆ ಆಕೆ ಏನಂದರು ಎಂದು ಕೇಳಿದಾಗಲೇ ನನಗೆ ನೆನಪಾದದ್ದು, ಆರ್ಡರಿನ ಮಾತೇ ಆಡಿರಲಿಲ್ಲ. ಅಷ್ಟರಲ್ಲಿ ಆಕೆಯ ಮೇಲ್ ಬಂದಿತ್ತು: ಇನ್ನು ಮುಂದೆ ಆ ಹುಡುಗಿಯೇ ಮಾತಾಡಲಿ. ಈಗ ನಾನು ಫ್ಯಾನಿನ ಕೆಳಗೆ ಕೂರುತ್ತೇನೆ. ಪ್ರತಿ ಕಾಲ್‌ನಲ್ಲೂ ಆಕೆಯ ಮೊದಲ ಪ್ರಶ್ನೆ ಕರುವಿನದು, ಬಿಡಿಭಾಗ ಆಮೇಲೆ.

ಅಜ್ಜಿ ಈಗಲೂ ಎಣಿಸುವುದಿಲ್ಲ. ಎಮ್ಮೆ ಎಷ್ಟದಾವೆ ಎಂದು ಯಾರಾದರೂ ಕೇಳಿದರೆ ಅದೇ ಹಳೆಯ ಉತ್ತರ ಕೊಟ್ಟು, ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸುತ್ತಾಳೆ.

"ಅದರಾಗೆ ಒಂದು ನಮ್ದಲ್ಲ."