ಬಂದವರ ಸಾಲು

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ಮ್ಯಾಟ್ರಿಕ್ಸ್, ಅಂದರೆ ಅಂಕಿಗಳ ಕೋಷ್ಟಕ, ಗುಣಿಸುವ ಫಂಕ್ಷನ್ ಬರೆಯುತ್ತಿದ್ದೆ. ಇಳಿದ ಕೂಡಲೇ ಕಾಲೇಜಿನ ಹುಡುಗರ ಮುಂದೆ ಅದನ್ನು ಓಡಿಸಿ ತೋರಿಸಬೇಕಿತ್ತು. ಗುಣಿಸಲು ಆ ಭಾಷೆಯಲ್ಲಿ ಸಿದ್ಧ ಚಿಹ್ನೆಯೇ ಇದೆ, ಆದರೂ ಕೈಯಾರೆ ಬರೆಯುವ ಚಟ ನನಗೆ.

ಪಕ್ಕದಲ್ಲಿ ಕೂತಿದ್ದ ಅಕ್ಕ ಗಾಜಿಪುರದಲ್ಲಿ ರೊಟ್ಟಿ ಮಾಡಿ ಮಾರುವವರು. "ಏನ್ ಮಾಡ್ಲಾಕತ್ತೀರಿ ಸರ್?" ಎಂದರು. ಹುರುಪಿನಲ್ಲಿ ಅವರ ಲೆಕ್ಕವನ್ನೇ ಹಾಕಿದೆ. ಒಂದು ಮ್ಯಾಟ್ರಿಕ್ಸಿನಲ್ಲಿ, ಮನೆಗೊಂದು ಸಾಲಿನಂತೆ, ಮೂರು ಮನೆಗೆ ಬೇಕಾದ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ. ಇನ್ನೊಂದರಲ್ಲಿ ಒಂದೊಂದು ರೊಟ್ಟಿಗೆ ಹಿಡಿಯುವ ಹಿಟ್ಟು, ಎಳ್ಳು. ಗುಣಿಸಿದರೆ ಮನೆಗೆಷ್ಟು ಹಿಟ್ಟು, ಎಷ್ಟು ಎಳ್ಳು ಗೊತ್ತಾಗಬೇಕು. ಗೊತ್ತಾಯಿತು!

"ಬಂದವ್ರಿಗಿ ಎಲ್ಲದ ರೀ? ಹೇಳ್ದೆ ಕೇಳ್ದೆ ಬರೋರಿಗಿ ನಾವು ಹೆಚ್ಚಿಗಿ ಬಡೀತೀವಿ."

ಬಂದವರಿಗೆಂದು ನಾಲ್ಕನೇ ಸಾಲು ಸೇರಿಸಿದೆ. ಆ ಸಾಲಿಗೆ ಬರೀ ಸೊನ್ನೆ ಬಂತು.

"ಅಯ್ಯ, ಬಂದವ್ರಿಗಿ ಸೊನ್ನಿ ಬಡಸ್ತೀರೇನ್ರೀ!"

ಫಂಕ್ಷನ್ನಿಗೆ ಇರುವಷ್ಟು ಸಾಲು ಎಣಿಸಿಕೋ ಎನ್ನುವ ಬದಲು, ಮೂರೇ ಎಂದು ಬರೆದುಬಿಟ್ಟಿದ್ದೆ! ತಿದ್ದಿದೆ. ಹಿಟ್ಟೂ ಬಂತು, ಎಳ್ಳೂ ಬಂತು. ನಾನು ಕೂಗಿದ ರಭಸಕ್ಕೆ ಕಂಡಕ್ಟರ್ ತಿರುಗಿ ನೋಡಿದ.

ಅಕ್ಕ ಗಂಟು ಬಿಚ್ಚಿ ಒಂದು ಸಜ್ಜಿ ರೊಟ್ಟಿ ಕೊಟ್ಟರು. "ತಗೋರಿ, ನಾಕನೇ ಸಾಲಿಂದು."

ನನ್ನ ಪ್ರೋಗ್ರಾಮಿನ ಉತ್ತರವನ್ನು ನಾನು ತಿಂದದ್ದು ಅದೇ ಮೊದಲು.