ಅಕ್ಕನ ಕೌದಿಯಲ್ಲಿ ತಪ್ಪಿದ ಹೊಲಿಗೆ

ಅಂಗಡಿಯಿಂದ ಹೊದಿಕೆ ತರುವ ಅಭ್ಯಾಸ ಇನ್ನೂ ಬಾರದಿದ್ದ ಆ ದಿನಗಳಲ್ಲಿ, ಕೊತ್ತಗೆರೆಯ ನಮ್ಮ ಮನೆಯಲ್ಲಿ ಹಳೆಯ ಸೀರೆಗಳೆಲ್ಲ ಕೌದಿಯಾಗುತ್ತಿದ್ದವು. ನಾನಾಗ ನಾಲ್ಕನೇ ಕ್ಲಾಸು. ಬಾಣಂತನಕ್ಕೆ ಬಂದಿದ್ದ ಗೌರಕ್ಕ, ಗುಬ್ಬಿಯ ಗಂಡನ ಮನೆಗೆ ಹೊರಡುವ ಸಮಯ. ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಮಗುವಿನ ಎಣ್ಣೆತಲೆ ಎಲ್ಲ ಸೇರಿದ ಆ ವಾಸನೆ ಬಿಟ್ಟು ಕುಂಟೆಬಿಲ್ಲೆ ಆಡಲು ಹೋಗುವುದಕ್ಕೂ ನನಗೆ ಮನಸ್ಸಿರಲಿಲ್ಲ.

"ಕೌದಿ ಮುಗೀದೆ ಮಗು ಹೊಸ್ಲು ದಾಟಂಗಿಲ್ಲ," ಎಂದು ಅಮ್ಮ ಹೇಳಿಬಿಟ್ಟಿದ್ದಳು.

ಅಮ್ಮ ತುಳಿಯುವ ಮಿಷನ್ನಿನಲ್ಲೇ ಕೌದಿ ಹೊಲಿಯುತ್ತಿದ್ದಳು. ಬಟ್ಟೆಯನ್ನು ಎರಡು ಕಡೆಯಿಂದ ಎರಡು ಬಿದಿರ ಗಳುಗಳಿಗೆ ಸುತ್ತಿ, ನಡುವೆ ಗೇಣಗಲ ಮಾತ್ರ ಬಿಟ್ಟು, ಅದನ್ನು ಸೂಜಿಯ ಕೆಳಗೆ ಹಾಯಿಸುವಳು. ಎದುರು ನಿಂತು ಗಳುಗಳ ತುದಿಯನ್ನು ಅಗಲಿಸಿ ಹಿಡಿದು, ಬಟ್ಟೆ ಬಿಗಿಯಾಗಿಡುವುದು ನನ್ನ ಕೆಲಸ.

ಮೊದಲ ದಿನ ಕೈ ಸೋತು ಸ್ವಲ್ಪ ಸಡಿಲ ಬಿಟ್ಟೆ. ತಿರುಗಿಸಿ ನೋಡಿದರೆ ಹೊಲಿಗೆ ಅಲ್ಲಲ್ಲಿ ತಪ್ಪಿ, ದಾರ ಉದ್ದಕ್ಕೆ ಬಿದ್ದಿತ್ತು. ಅಮ್ಮ ಇಡೀ ಸಾಲು ಬಿಚ್ಚಿದಳು. ಅಕ್ಕ ಇನ್ನೊಂದು ದಿನ ನಮ್ಮ ಜೊತೆ ಉಳಿದಳು. ಮರುದಿನ ನಾನು ಬೇಕೆಂತಲೇ ಸಡಿಲ ಬಿಟ್ಟೆ.

ಪಾಪ, ಅಮ್ಮ ಸೂಜಿ ಬದಲಾಯಿಸಿದಳು. ದಾರ ಬದಲಾಯಿಸಿದಳು. ಬಾಬಿನ್ ಗೂಡಿನ ಧೂಳು ಊದಿ, ಎಣ್ಣೆ ಬಿಟ್ಟಳು. "ಏನಾಯ್ತಪ್ಪ ಈ ಮಿಷನ್‌ಗೆ, ಯಾರ ಕಣ್ಣು ಬಿತ್ತೋ!" ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೂ ಹಾಕಿದಳು. ಎಲ್ಲರೂ ಕೆಮ್ಮಿದೆವು. ಹೊಲಿಗೆ ಮಾತ್ರ ತಪ್ಪುತ್ತಲೇ ಇತ್ತು.

ನಾಲ್ಕನೇ ದಿನ ಭಾವ ಗುಬ್ಬಿಯಿಂದ ಬಂದರು. ಅದೇ ಹೊತ್ತಿಗೆ ಪಕ್ಕದ ಬೀದಿಯಲ್ಲಿ ರವಿಕೆ ಹೊಲಿಯುತ್ತಿದ್ದ ಜುಬೇದಮ್ಮನನ್ನು ಅಮ್ಮ ಕರೆಸಿದ್ದಳು. ಅವರು ಮಿಷನ್ ಮುಟ್ಟಲೇ ಇಲ್ಲ. "ನೀವು ತುಳೀರಿ" ಎಂದು ಬಗ್ಗಿ ಬಟ್ಟೆಯನ್ನೇ ನೋಡಿದರು.

"ಮಿಷನ್ ಗಟ್ಟಿಮುಟ್ಟಾಗೇ ಅದೆ ಕಣಮ್ಮ. ಬಟ್ಟೆ ಸೂಜಿ ಜೊತೆ ಎದ್ದೆದ್ದು ಬರ್ತದೆ, ಕೆಳಗಡೆ ಕೊಕ್ಕೆಗೆ ದಾರ ಸಿಗಾಕಿಲ್ಲ." ಆಮೇಲೆ ನನ್ನ ಕೈ ನೋಡಿದರು, ಮುಖ ನೋಡಿದರು. "ಮಗಿನ ಕೈ ಸೋತದೆ ಬುಡಿ. ಇನ್ನೊಬ್ರು ಹಿಡ್ಕೊಳ್ಲಿ."

ಅಕ್ಕ ಮಗುವನ್ನು ಭಾವನ ತೊಡೆಗೆ ಹಾಕಿ ನನ್ನ ಪಕ್ಕ ಬಂದು ನಿಂತು, ಒಂದು ಗಳು ಹಿಡಿದಳು.

"ಕಳ್ಳಿ," ಎಂದಳು ಮೆಲ್ಲಗೆ, "ನಂಗೆ ಎರಡನೇ ದಿನವೇ ಗೊತ್ತಾಯ್ತು ಕಣೇ."

"ಮತ್ತೆ ಅಮ್ಮಂಗೆ ಯಾಕೆ ಹೇಳ್ಲಿಲ್ಲ?"

ಅಕ್ಕ ಭಾವನ ಕಡೆ ನೋಡಿದಳು. ಅವರು ಮಗುವಿನ ಎರಡು ಪಾದಗಳನ್ನೂ ಒಂದೇ ಅಂಗೈಯಲ್ಲಿ ಹಿಡಿದುಕೊಂಡು, ಉಸಿರು ಬಿಡಲೂ ಹೆದರಿದವರಂತೆ ಕೂತಿದ್ದರು.

"ನೋಡು, ಮಗು ಕಾಣದೆ ಹೆಂಗೆ ಸೊರಗವ್ರೆ. ಸಾಕು ಕಣೇ. ಇನ್ನು ಬಿಗಿಯಾಗಿ ಹಿಡಿ."

ಹಿಡಿದೆ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಸಂಜೆಯವರೆಗೆ ಒಂದು ಹೊಲಿಗೆಯೂ ತಪ್ಪಲಿಲ್ಲ. ಬೆಳಗಿನ ಬಸ್ಸಿಗೆ ಅಕ್ಕ ಹೊರಟಳು.

ಮೊಮ್ಮಕ್ಕಳಾ, ಇದನ್ನು ನಿಮ್ಮ ತಾತನಿಗೂ ನಾನು ಹೇಳಿರಲಿಲ್ಲ. ಅಕ್ಕ ತೀರಿಹೋಗಿ ಎರಡು ವರ್ಷವಾಯಿತು, ಈಗ ಗೊತ್ತಿರುವವಳು ನಾನೊಬ್ಬಳೇ. ಮೊನ್ನೆ ತುಮಕೂರಿನ ಶಿರಾ ಗೇಟ್ ಹತ್ತಿರದ ಅಂಗಡಿಯಲ್ಲಿ ನಿಮಗೆಂದು ಕೌದಿ ಹೊಲಿಸಿದೆ. ಕಬ್ಬಿಣದ ಚೌಕಟ್ಟು, ನಾಲ್ಕೂ ಕಡೆ ಕ್ಲಿಪ್ಪು. ಒಂದೇ ಗಂಟೆ, ಹೊಲಿಗೆಗಳೆಲ್ಲ ಮುತ್ತು ಪೋಣಿಸಿದ ಹಾಗೆ. ಎದುರು ನಿಂತು ಹಿಡಿಯುವವರೇ ಬೇಡ.

ರಜೆ ಮುಗಿದು ನೀವು ಬ್ಯಾಗು ಎತ್ತಿಕೊಂಡಾಗ "ಹುಷಾರು ಮಕ್ಕಳಾ" ಎಂದಷ್ಟೇ ಹೇಳಿ ಬಾಗಿಲಲ್ಲಿ ನಿಲ್ಲುತ್ತೇನೆ. ಬಾಯಿಬಿಟ್ಟು ಕೇಳಲು ನನಗೆ ಅಂದೂ ಬರುತ್ತಿರಲಿಲ್ಲ, ಇಂದೂ ಬರುವುದಿಲ್ಲ. ಆದರೆ ಆಗ, ಇನ್ನೊಂದು ದಿನ ಇರು ಎಂದು ಕೈಯಲ್ಲೇ ಹೇಳಬಹುದಿತ್ತು.